ಅಪ್ಪನ ಪಿಸ್ತೂಲು, ಕಾನ್ಪುರದ ರಿವಾಲ್ವರ್ ಮತ್ತು ಅಂಗಡಿಯವರ ಲೆಕ್ಕ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರ, ವಯಸ್ಸು 58. ನನ್ನ ಪರವಾನಗಿಯಲ್ಲಿ ಎರಡು ಆಯುಧಗಳಿವೆ. ಒಂದು, 2004ರಲ್ಲಿ ಹೊಸದಾಗಿ ಕೊಂಡ ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ (.32 ಎಂದರೆ ನಳಿಗೆಯ ಒಳ ಅಳತೆ). ಇನ್ನೊಂದು, ತಂದೆಯವರ ವಿದೇಶಿ .32 ಪಿಸ್ತೂಲು, ಅವರು ತೀರಿಕೊಂಡ ಮೇಲೆ 1999ರಲ್ಲಿ ನನ್ನ ಹೆಸರಿಗೆ ಬಂತು. ಜೋಡು ನಳಿಗೆಯ 12 ಬೋರ್ ಕೋವಿಯೂ ಇತ್ತು. ಎರಡಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ ಎಂದಾದಾಗ 2020ರಲ್ಲಿ ಅದನ್ನು ಒಪ್ಪಿಸಿಬಿಟ್ಟೆ. ಈಗ ಅಂಗಡಿಯವರೊಬ್ಬರು, ಇರುವ ಎರಡನ್ನೂ ಕೊಟ್ಟು ಮೇಲೆ 25 ಸಾವಿರ ರೂಪಾಯಿ ಹಾಕಿದರೆ ಹೊಸ ‘ಪ್ರಬಲ್’ ರಿವಾಲ್ವರ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಎರಡು ಹಳೆಯದಕ್ಕಿಂತ ಒಂದು ಹೊಸದು ಮೇಲು ಎಂದು ನನ್ನ ಲೆಕ್ಕ. ಮಾವನವರ ಪಿಸ್ತೂಲು ಮಾರುವುದು ಬೇಡ ಎಂದು ಹೆಂಡತಿಯ ಹಟ. ಮಗ ಬೆಂಗಳೂರಿನಲ್ಲಿದ್ದಾನೆ, ತೋಟ ನೋಡಿಕೊಳ್ಳುವವರು ನಾನು ಮತ್ತು 29 ವರ್ಷದ ಮಗಳು. ಹಂದಿ, ಮಂಗಗಳ ಕಾಟ ಹೇಳತೀರದು. ಬದಲಾಯಿಸಲೇ?

ಉತ್ತರ: ಅಂಗಡಿಯವರು ಹೇಳಿದ ಲೆಕ್ಕದಲ್ಲಿ ಬದಲಾಯಿಸಬೇಡಿ. ನಿಮ್ಮ ಮನೆಯವರು ಹಟ ಹಿಡಿದಿರುವುದು ಭಾವನೆಯಿಂದ ಇರಬಹುದು, ಆದರೆ ಲೆಕ್ಕವೂ ಅವರ ಕಡೆಗೇ ಇದೆ. ಏಕೆಂದು ಹೇಳುತ್ತೇನೆ, ಸ್ವಲ್ಪ ಉದ್ದವಾದೀತು. ಸಶಸ್ತ್ರ ಮೀಸಲು ಪಡೆಯ ಆಯುಧಾಗಾರದಲ್ಲಿ ಮೂವತ್ತು ವರ್ಷ ಎಣ್ಣೆ ಬಟ್ಟೆ ಹಿಡಿದವನಿಗೆ ಈ ವಿಷಯ ಎತ್ತಿದರೆ ಬಾಯಿ ಬೇಗ ಮುಚ್ಚುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಮೊದಲು ಕಂಡದ್ದು ಒಂದು ಸಣ್ಣ ಮಾತು: ‘ಎರಡನ್ನೂ ಕೊಟ್ಟು, ಮೇಲೆ 25 ಸಾವಿರ’. ಯಾವುದಕ್ಕೆ ಎಷ್ಟು ಎಂದು ಅವರು ಹೇಳಿಲ್ಲ, ನೀವೂ ಕೇಳಿಲ್ಲ. ಹಿಂದೆ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುತ್ತಿದ್ದರು. ನೋಡುವವರಿಗೆ ಟವೆಲ್ ಅಲ್ಲಾಡಿದ್ದು ಮಾತ್ರ ಕಾಣುತ್ತಿತ್ತು. ಎರಡು ಆಯುಧಗಳನ್ನು ಒಟ್ಟಿಗೆ ಕಟ್ಟಿ ಬೆಲೆ ಹೇಳುವುದೂ ಅದೇ ಟವೆಲ್. ಅದರ ಅಡಿಯಲ್ಲಿ ನಿಮ್ಮ ತಂದೆಯವರ ಪಿಸ್ತೂಲು ಇದೆ.

ವಿದೇಶಿ ಬಂದೂಕುಗಳನ್ನು ಖಾಸಗಿಯವರು ಆಮದು ಮಾಡಿಕೊಳ್ಳುವುದಕ್ಕೆ ನಮ್ಮಲ್ಲಿ 1980ರ ದಶಕದ ಮಧ್ಯದಲ್ಲೇ ಬಾಗಿಲು ಹಾಕಿದರು. ಹೆಸರಾಂತ ಗುರಿಕಾರರಿಗೆ ಮಾತ್ರ ಕಿಂಡಿ ಬಿಟ್ಟಿದ್ದಾರೆ. ಅಂದರೆ ಅದಕ್ಕೂ ಮುಂಚೆ ದೇಶದೊಳಗೆ ಬಂದು, ಕಾಗದಪತ್ರ ಸರಿಯಿದ್ದು, ತುಕ್ಕು ಹಿಡಿಯದೆ ಉಳಿದ ವೆಬ್ಲಿ, ವಾಲ್ಥರ್, ಕೋಲ್ಟ್, ಬ್ರೌನಿಂಗ್‌ಗಳ ಸಂಖ್ಯೆ ಇನ್ನು ಕಡಿಮೆಯಾಗಬಹುದೇ ಹೊರತು ಹೆಚ್ಚುವುದಿಲ್ಲ. ಹುಟ್ಟಿದ ದೇಶದಲ್ಲಿ ಸಾಮಾನ್ಯ ಬೆಲೆಗೆ ಸಿಗುವ ಪಿಸ್ತೂಲಿಗೆ ಇಲ್ಲಿ ಅದರ ಹಲವು ಪಟ್ಟು ಬೆಲೆ. ಇದು ಆಯುಧದ ಗುಣಕ್ಕೆ ಬಂದ ಬೆಲೆಯಲ್ಲ, ಅಭಾವಕ್ಕೆ ಬಂದದ್ದು. ಆದರೂ ಬೆಲೆ ಬೆಲೆಯೇ. ನಿಮ್ಮ ಪಿಸ್ತೂಲಿನ ತಯಾರಕರ ಹೆಸರನ್ನು ನೀವು ಬರೆದಿಲ್ಲ. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಜಾರುವ ಸ್ಲೈಡಿನ ಎಡಮಗ್ಗುಲಲ್ಲಿ ಸಾಮಾನ್ಯವಾಗಿ ಕೊರೆದಿರುತ್ತದೆ, ಓದಿಕೊಳ್ಳಿ. ಹೆಸರುವಾಸಿ ತಯಾರಕರದ್ದಾಗಿದ್ದು ಗುಂಡು ತುಂಬುವ ಮೂಲ ಮ್ಯಾಗಜಿನ್ ಜೊತೆಗಿದ್ದರೆ, ಅದೊಂದನ್ನೇ ಕೊಟ್ಟರೂ ಅಂಗಡಿಯವರು ನಿಮಗೆ ಹಣ ಹಿಂದಿರುಗಿಸಬೇಕಾದೀತು. ಅಡಿಕೆ ಮಂಡಿಯಲ್ಲಿ ರಾಶಿಯನ್ನೂ ಬೆಟ್ಟೆಯನ್ನೂ ಒಂದೇ ಚೀಲಕ್ಕೆ ಸುರಿದು ಬೆಲೆ ಕೇಳುತ್ತೀರಾ? ಇಲ್ಲವಲ್ಲ. ಇಲ್ಲಿ ಏಕೆ?

ಆದ್ದರಿಂದ ಮೊದಲ ಕೆಲಸ, ಬೇರೆ ಬೇರೆ ಬೆಲೆ ಬರೆಸಿಕೊಳ್ಳುವುದು. ಒಂದು ಅಂಗಡಿಯಲ್ಲಲ್ಲ, ಎರಡು ಮೂರು ಕಡೆ. ರಿವಾಲ್ವರಿಗೆ ಎಷ್ಟು, ಪಿಸ್ತೂಲಿಗೆ ಎಷ್ಟು, ಹೊಸದರ ಬೆಲೆ ತೆರಿಗೆ ಸೇರಿ ಎಷ್ಟು. ತೆರಿಗೆಯ ಮಾತು ಬಂತೆಂದು ಹೇಳುತ್ತೇನೆ: 2025ರ ಸೆಪ್ಟೆಂಬರ್ 22ರಿಂದ ರಿವಾಲ್ವರ್ ಮತ್ತು ಪಿಸ್ತೂಲುಗಳ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಪಾನ್ ಮಸಾಲ, ವಿಹಾರ ನೌಕೆಗಳ ಸಾಲಿನಲ್ಲಿ ನಮ್ಮ ರಿವಾಲ್ವರನ್ನೂ ಕೂರಿಸಿದ್ದಾರೆ. ಹೊಸದಕ್ಕೆ ತೆರಿಗೆ ಏರಿದಾಗ, ಚೆನ್ನಾಗಿರುವ ಹಳೆಯದನ್ನು ಹುಡುಕಿಕೊಂಡು ಬರುವವರೂ ಹೆಚ್ಚಾಗುತ್ತಾರೆ. ನಿಮ್ಮ ಕೈಯಲ್ಲಿರುವುದು ಹಳೆಯದು ಎಂದು ಕುಗ್ಗಬೇಡಿ.

ಬೆಲೆಗಿಂತ ದೊಡ್ಡ ವಿಷಯ ಇನ್ನೊಂದಿದೆ. ನೀವು ಎರಡು ಆಯುಧಗಳ ಒಡೆಯರು ಎಂದು ತಿಳಿದುಕೊಂಡಿದ್ದೀರಿ. ನಿಜಕ್ಕೂ ನಿಮ್ಮ ಬಳಿ ಇರುವುದು ಪರವಾನಗಿ ಪುಸ್ತಕದ ಎರಡು ಸಾಲುಗಳು. ಕಬ್ಬಿಣ ಮತ್ತೆ ಸಿಗುತ್ತದೆ, ಸಾಲು ಸಿಗುವುದು ಕಷ್ಟ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಮುಂಚೆ ಒಬ್ಬರು ಮೂರು ಇಟ್ಟುಕೊಳ್ಳಬಹುದಿತ್ತು. ಮಸೂದೆ ಮೊದಲು ಬಂದಾಗ ಒಂದೇ ಸಾಕು ಎಂದಿತ್ತು. ವಿರೋಧ ಬಂದ ಮೇಲೆ ಎರಡಕ್ಕೆ ನಿಂತಿತು. ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷ ಕೊಟ್ಟರು. ನೀವು ಜೋಡು ನಳಿಗೆಯದನ್ನು ಒಪ್ಪಿಸಿದ್ದು ಆಗಲೇ.

ಆಗ ಹಲವರು ಹಾಗೆಯೇ ಮಾಡಿದರು. ಉದ್ದದ್ದನ್ನು ಬಿಟ್ಟು ಚಿಕ್ಕದ್ದನ್ನು ಉಳಿಸಿಕೊಂಡರು. ಚಿಕ್ಕದ್ದಕ್ಕೆ ಮರ್ಯಾದೆ ಹೆಚ್ಚು ನೋಡಿ. ತೋಟಕ್ಕೆ ಬೇಕಿದ್ದದ್ದು ಉದ್ದದ್ದು. ಆದರೂ ನಿಮ್ಮ ಆಯ್ಕೆಯಲ್ಲಿ ನಿಮಗೆ ಗೊತ್ತಿಲ್ಲದೆಯೇ ಒಂದು ಜಾಣತನ ಇತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಓದಿದರೆ ತಿಳಿಯುತ್ತದೆ. 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ತಿರುಪಿನ ಗೆರೆಯಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ ಕೇಳಿದರೆ, ತಿರಸ್ಕರಿಸಲು ಬೇರೆ ಕಾರಣ ಇಲ್ಲದ ಪಕ್ಷದಲ್ಲಿ ಪರವಾನಗಿ ಕೊಡಬೇಕು ಎಂಬ ಧಾಟಿಯಲ್ಲಿ ಅದು ಮಾತಾಡುತ್ತದೆ. ನಿಜವಾದ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ (ಕಾರ್ಟ್ರಿಜ್) ಹಾಕುವ ಕೋವಿ. ರಿವಾಲ್ವರ್, ಪಿಸ್ತೂಲಿಗೆ ಹಾಗಿಲ್ಲ. ‘ತಕ್ಕ ಕಾರಣ’ ಇದೆಯೆಂದು ಅಧಿಕಾರಿಗೆ ಒಪ್ಪಿಗೆಯಾಗಬೇಕು. ಹಾಗಾಗಿ ಉದ್ದದ ಕೋವಿಯ ಸಾಲನ್ನು ಬಿಟ್ಟವರು ಮತ್ತೆ ಕೇಳಬಹುದು; ಪಿಸ್ತೂಲಿನ ಸಾಲನ್ನು ಬಿಟ್ಟವರು ಮತ್ತೆ ಪಡೆಯುವ ಹೊತ್ತಿಗೆ ಚಪ್ಪಲಿ ಸವೆದಿರುತ್ತದೆ. ಎರಡು ಕೊಟ್ಟು ಒಂದು ತರುವಾಗ ನೀವು ಕಳೆದುಕೊಳ್ಳುವುದು ಇದನ್ನು, ಅಂಗಡಿಯವರ ಚೀಟಿಯಲ್ಲಿ ಇದಕ್ಕೆ ಬೆಲೆಯೇ ಇಲ್ಲ.

(ಕೊಡಗಿನ ನೆಂಟರು ‘ನಮಗೆ ಪರವಾನಗಿಯೇ ಬೇಡ’ ಎಂದದ್ದನ್ನು ಕೇಳಿ ನಮ್ಮ ಕಡೆಯ ಕೆಲವರು ಮಲೆನಾಡಿಗೆಲ್ಲ ಅದೇ ನಿಯಮ ಎಂದುಕೊಳ್ಳುತ್ತಾರೆ. ಆ ವಿನಾಯಿತಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಮಾತ್ರ, ಅದೂ 2029ರವರೆಗೆ ವಿಸ್ತರಿಸಿದ್ದು. ಆಗುಂಬೆ ಘಾಟಿಯ ಈಚೆಗೆ ಅದು ನಡೆಯುವುದಿಲ್ಲ.)

ಇನ್ನು ‘ಪ್ರಬಲ್’. ಕೆಟ್ಟ ಆಯುಧವೇನಲ್ಲ. ಕಾನ್ಪುರದ ಸರ್ಕಾರಿ ಕಂಪನಿ 2023ರ ಆಗಸ್ಟ್‌ನಲ್ಲಿ ಹೊರತಂದದ್ದು, ಅದೇ .32 ಬೋರ್, 76 ಮಿಲಿಮೀಟರ್ ನಳಿಗೆ, ತೋಟಾ ಇಲ್ಲದೆ ಏಳುನೂರು ಗ್ರಾಮಿನ ಒಳಗೆ. ಹಳೆಯ ಕಾನ್ಪುರದ್ದಕ್ಕೂ ಇದಕ್ಕೂ ಮುಖ್ಯ ವ್ಯತ್ಯಾಸ ತೆರೆಯುವ ರೀತಿಯಲ್ಲಿದೆ. ನಿಮ್ಮ 2004ರದ್ದು ಹಳೆಯ ವೆಬ್ಲಿ ಮಾದರಿಯಲ್ಲಿ ಮೇಲಿನ ಚಿಲಕ ಒತ್ತಿದರೆ ನಡುವಿನಿಂದ ಬಾಗಿ ತೆರೆದುಕೊಳ್ಳುತ್ತದೆ, ಜೋಡು ನಳಿಗೆಯ ಕೋವಿ ಮುರಿದಂತೆ. ಪ್ರಬಲ್‌ನಲ್ಲಿ ತೋಟಾ ತುಂಬುವ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಚೌಕಟ್ಟು ಒಂದೇ ತುಂಡಾಗಿ ಇರುವುದರಿಂದ ಹೆಚ್ಚು ಗಟ್ಟಿ, ವರ್ಷಗಳು ಕಳೆದಂತೆ ಸಡಿಲಾಗುವ ಬಿಜಾಗರಿ ಇಲ್ಲ. ಇದು ನಿಜವಾದ ಅನುಕೂಲ. ‘50 ಮೀಟರ್ ದೂರ’ ಎಂದು ಅವರು ಹೇಳಿಕೊಳ್ಳುವುದಕ್ಕೆ ಮಾತ್ರ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ನಿಮ್ಮ ಜಗಲಿಯಿಂದ ಅಂಗಳದ ತುಳಸಿಕಟ್ಟೆಗೆ ಎಷ್ಟು ಮೀಟರ್? ಆತ್ಮರಕ್ಷಣೆ ಎನ್ನುವುದು ಅಷ್ಟರೊಳಗೇ ಮುಗಿಯುತ್ತದೆ, ಮತ್ತು ಅಂಥ ಹೊತ್ತಿನಲ್ಲಿ ಇಪ್ಪತ್ತು ವರ್ಷ ಕೈಯಲ್ಲಿ ಹಿಡಿದ ಹಿಡಿಯೇ ಹೊಸ ಹಿಡಿಗಿಂತ ಮೇಲು.

ಆದ್ದರಿಂದ ಪ್ರಶ್ನೆ ಪ್ರಬಲ್ ಹೇಗಿದೆ ಎಂಬುದಲ್ಲ, ನಿಮ್ಮ ಕಾನ್ಪುರದ್ದು ಹೇಗಿದೆ ಎಂಬುದು. ಅದನ್ನು ಮನೆಯಲ್ಲೇ ನೋಡಬಹುದು. ಮಕ್ಕಳು, ಕೆಲಸದವರು ಇಲ್ಲದ ಹೊತ್ತು ನೋಡಿ, ತೋಟಾಗಳ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ರಿವಾಲ್ವರನ್ನು ತೆರೆಯಿರಿ. ಸಿಲಿಂಡರಿನಲ್ಲಿ ತೋಟಾ ಕೂರುವ ಆರೂ ಕೋಣೆಗಳು ಖಾಲಿ ಎಂದು ಕಣ್ಣಿನಿಂದ ನೋಡಿ, ಮತ್ತೆ ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ನಗಬೇಡಿ, ಖಾಲಿ ಇದೆ ಎಂದುಕೊಂಡ ಬಂದೂಕಿನಿಂದಲೇ ಹೆಚ್ಚು ಅನಾಹುತಗಳಾಗಿರುವುದು.

ತೆರೆದಿರುವಾಗಲೇ ನಳಿಗೆಯ ಹಿಂಬದಿಗೆ ಒಂದು ಬಿಳಿ ಕಾಗದದ ಚೂರನ್ನು ಹಿಡಿದು, ಕಿಟಕಿಯ ಬೆಳಕು ಅದರ ಮೇಲೆ ಬೀಳುವಂತೆ ತಿರುಗಿಸಿ, ಮುಂಬದಿಯಿಂದ ಒಳಗೆ ನೋಡಿ. ಗೆರೆಗಳು ಸುತ್ತಿಕೊಂಡು ಹೋಗಿರುವುದು ಹೊಳೆಯುತ್ತಾ ಕಾಣಬೇಕು. ಕಪ್ಪು ಚುಕ್ಕೆಗಳು, ಗೋರಿ ತೆಗೆದಂಥ ಸಣ್ಣ ಕುಳಿಗಳು ಕಂಡರೆ ತುಕ್ಕು ತಿಂದಿದೆ ಎಂದರ್ಥ. ಒಂದೆರಡು ಚುಕ್ಕೆಗೆ ಗಾಬರಿಯಾಗಬೇಡಿ. ಆಮೇಲೆ ಮುಚ್ಚಿ, ಒಂದು ಕೈಯಲ್ಲಿ ಹಿಡಿಯನ್ನೂ ಇನ್ನೊಂದರಲ್ಲಿ ನಳಿಗೆಯನ್ನೂ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಿಕ್ ಟಿಕ್ ಎಂದು ಸದ್ದು ಬಂದರೆ ಚಿಲಕವೋ ಬಿಜಾಗರಿಯೋ ಸವೆದಿದೆ. ಈ ಮಾದರಿಗೆ ವಯಸ್ಸಾಗುವುದು ಇಲ್ಲಿಯೇ. ಕೊನೆಗೆ ಹಿಂಬದಿಯಲ್ಲಿ ತೋಟಾ ಸಿಡಿಸಲು ಬಡಿಯುವ ಹ್ಯಾಮರನ್ನು ಹೆಬ್ಬೆರಳಿನಿಂದ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಅದು ಪೂರ್ತಿ ಹಿಂದೆ ನಿಂತಾಗ ಸಿಲಿಂಡರನ್ನು ಬೆರಳಿನಿಂದ ಆಚೀಚೆ ತಿರುಗಿಸಲು ಪ್ರಯತ್ನಿಸಿ. ಕೂದಲೆಳೆಯಷ್ಟು ಅಲುಗಾಡಿದರೆ ಸಹಜ. ಅದಕ್ಕಿಂತ ಹೆಚ್ಚಾದರೆ, ಅಥವಾ ಆರು ಕೋಣೆಗಳಲ್ಲಿ ಒಂದರಲ್ಲಾದರೂ ಸಿಲಿಂಡರ್ ಗೂಟಕ್ಕೆ ಕೂರದೆ ಜಾರಿದರೆ, ಗುಂಡು ನಳಿಗೆಗೆ ನೇರವಾಗಿ ಹೋಗದೆ ಅಂಚನ್ನು ಸವರಿಕೊಂಡು ಹೋಗುತ್ತದೆ. ಅಂಥದ್ದನ್ನು ಹಾರಿಸುವುದನ್ನು ನಿಲ್ಲಿಸಿ, ಪರವಾನಗಿ ಇರುವ ದುರಸ್ತಿಗಾರರಿಗೆ ತೋರಿಸಿ. ಸುಮ್ಮನೆ ಕುಲುಮೆಯವರ ಬಳಿ ಕೊಂಡೊಯ್ಯಬೇಡಿ. ಅವರ ಕೈಕೆಲಸ ಎಷ್ಟೇ ಚೆನ್ನಾಗಿರಲಿ, ಪರವಾನಗಿ ಇಲ್ಲದವರು ಬಂದೂಕು ದುರಸ್ತಿ ಮಾಡುವುದು ಅಪರಾಧ, ಕೊಟ್ಟವರೂ ಸಿಕ್ಕಿಕೊಳ್ಳುತ್ತಾರೆ.

ಇವೆಲ್ಲ ಸರಿಯಿದ್ದರೆ ಆ ರಿವಾಲ್ವರ್ ನಿಮ್ಮ ಆಯುಷ್ಯಕ್ಕೆ ಸಾಕು. ಇಪ್ಪತ್ತು ವರ್ಷದಲ್ಲಿ ಎಷ್ಟು ಗುಂಡು ಹಾರಿಸಿದ್ದೀರಿ? ನಮ್ಮ ಕಡೆಯ ಬಹುತೇಕ ರಿವಾಲ್ವರ್‌ಗಳು ಹಾರಿಸಿ ಹಾಳಾಗುವುದಿಲ್ಲ, ಇಟ್ಟು ಹಾಳಾಗುತ್ತವೆ.

ಇಡುವ ಮಾತು ಬಂದಾಗ ನನಗೆ ಸಿಟ್ಟು ಬರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೀರಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಕುಳಿತು, ಚರ್ಮದ ಚೀಲದೊಳಗೆ ರಿವಾಲ್ವರ್ ತುರುಕಿ ಬೀರುವಿನಲ್ಲಿಟ್ಟು ಬೀಗ ಹಾಕಿ, ಆರಿದ್ರೆಯಿಂದ ಮಖೆಯವರೆಗೆ ಮುಟ್ಟದೆ ಇರುತ್ತಾರೆ. ಚರ್ಮ ತೇವ ಕುಡಿಯುತ್ತದೆ, ಹದ ಮಾಡಲು ಬಳಸಿದ ಉಪ್ಪಿನಂಶವೂ ಅದರಲ್ಲಿರುತ್ತದೆ. ಗಣೇಶನ ಹಬ್ಬಕ್ಕೆ ತೆಗೆದು ನೋಡಿದರೆ ಚೀಲದ ಮೇಲೆ ಬೂಷ್ಟು, ಒಳಗೆ ನೀಲಿ ಬಣ್ಣದ ಉಕ್ಕಿನ ಮೇಲೆ ಕಾವಿ ಬಣ್ಣದ ಚೀಲದ ಅಚ್ಚು. ಇನ್ನು ಕೆಲವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಕೊಬ್ಬರಿ ಎಣ್ಣೆ ತಲೆಗೆ ಒಳ್ಳೆಯದು. ಬಂದೂಕಿನ ಒಳಗೆ ಅದು ಕೆಲವೇ ತಿಂಗಳಲ್ಲಿ ಅಂಟಾಗಿ, ಸ್ಪ್ರಿಂಗ್ ಓಡಾಡುವ ಜಾಗದಲ್ಲಿ ಹಲಸಿನ ಮೇಣದಂತೆ ಕೂರುತ್ತದೆ. ಬಂದೂಕಿನ ತೆಳುವಾದ ಎಣ್ಣೆ, ಹತ್ತಿಬಟ್ಟೆ, ಗಾಳಿಯಾಡುವ ಮೃದು ಬಟ್ಟೆಯ ಹೊದಿಕೆ, ಜೊತೆಗೆ ತೇವ ಹೀರುವ ಸಿಲಿಕಾ ಚೀಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒರೆಸಿದರೆ ಸಾಕು. ಹಿಂದಿನವರು ಕೋವಿಯನ್ನು ಒಲೆಯ ಹೊಗೆ ತಾಗುವ ಗೋಡೆಗೆ ತೂಗುಹಾಕುತ್ತಿದ್ದುದರಲ್ಲಿ ಅರ್ಥವಿತ್ತು, ಆದರೆ ತೋಟಾಗಳನ್ನು ಅದೇ ಅಟ್ಟಕ್ಕೆ ಏರಿಸುವ ಬುದ್ಧಿ ಮಾಡಬೇಡಿ.

ತೋಟಾಗಳ ಬಗ್ಗೆ ನಿಮಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ನಿಮ್ಮ ಮನೆಯಲ್ಲಿ ಒಂದು ಅಪಾಯ ಸುಮ್ಮನೆ ಕುಳಿತಿದೆ. ರಿವಾಲ್ವರ್ .32, ಪಿಸ್ತೂಲೂ .32, ಪರವಾನಗಿಯಲ್ಲೂ ಎರಡಕ್ಕೂ .32 ಎಂದೇ ಇರಬಹುದು. ತೋಟಾ ಮಾತ್ರ ಬೇರೆ ಬೇರೆ. ರಿವಾಲ್ವರಿನದು ‘ಸ್ಮಿತ್ ಅಂಡ್ ವೆಸನ್ ಲಾಂಗ್’, ಉದ್ದನೆಯದು, ತಳದಲ್ಲಿ ಸ್ಪಷ್ಟವಾದ ಅಂಚು ಇರುತ್ತದೆ, ಹೆಚ್ಚಾಗಿ ಬರಿಯ ಸೀಸದ ಗುಂಡು. ಪಿಸ್ತೂಲಿನದು ‘ಎಸಿಪಿ’, ಗಿಡ್ಡ, ಗುಂಡಿಗೆ ತಾಮ್ರ ಬಣ್ಣದ ಕವಚ; ಇದನ್ನೇ 7.65 ಎಂದೂ ಕರೆಯುತ್ತಾರೆ. ಎರಡನ್ನೂ ಅಂಗೈಯಲ್ಲಿ ಅಕ್ಕಪಕ್ಕ ಇಟ್ಟು ನೋಡಿ, ಮಗಳಿಗೂ ತೋರಿಸಿ. ಉದ್ದದ್ದು ಪಿಸ್ತೂಲಿಗೆ ಹೋಗುವುದೇ ಇಲ್ಲ. ಗಿಡ್ಡದ್ದು ಮಾತ್ರ ರಿವಾಲ್ವರಿನ ಕೋಣೆಯೊಳಗೆ ಇಳಿದುಬಿಡಬಹುದು. ಅದರ ಒತ್ತಡ ಹೆಚ್ಚು. ನಡುವಿನಿಂದ ತೆರೆಯುವ ಹಳೆಯ ಚೌಕಟ್ಟು ಅದಕ್ಕಾಗಿ ಮಾಡಿದ್ದಲ್ಲ. ಡಬ್ಬಿಗಳನ್ನು ಬೇರೆ ಬೇರೆ ಇಡಿ. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದ ತೋಟಾಗಳಿದ್ದರೆ ಬಳಸಬೇಡಿ, ಎಸೆಯಲೂ ಬೇಡಿ; ಲೆಕ್ಕ ತೋರಿಸಿ ಅಂಗಡಿಗೋ ಠಾಣೆಗೋ ಒಪ್ಪಿಸಿ.

ಬದಲಾಯಿಸುವವರಲ್ಲಿ ಬಹಳ ಜನ ಮರೆಯುವುದೂ ಇದನ್ನೇ. ಬಂದೂಕು ಹೋಯಿತು, ಹೊಸದು ಬಂತು, ಸಿಹಿ ಹಂಚಿದ್ದಾಯಿತು. ಹಳೆಯದರ ಹದಿನೆಂಟು ತೋಟಾಗಳು ಬೀರುವಿನ ಮೂಲೆಯಲ್ಲಿ ಉಳಿದಿರುತ್ತವೆ. ಪರವಾನಗಿಯಿಂದ ಆ ಆಯುಧದ ಸಾಲು ಹೊಡೆದುಹಾಕಿದ ಮೇಲೆ ಅದರ ತೋಟಾ ಇಟ್ಟುಕೊಳ್ಳಲು ನಿಮಗೆ ಹಕ್ಕಿಲ್ಲ. ಹದಿನೆಂಟು ತೋಟಾಕ್ಕೆ ಹೋದ ಮಾನ ಹೊಸ ರಿವಾಲ್ವರ್ ಕೊಟ್ಟರೂ ಬರುವುದಿಲ್ಲ.

ಈಗ ಪಿಸ್ತೂಲಿಗೆ ಬರೋಣ. ಅದನ್ನು ಇಟ್ಟುಕೊಳ್ಳಿ ಎಂದೆ, ಆದರೆ ನೀವು ಬಳಸುವ ಆಯುಧವಾಗಿ ಅಲ್ಲ. ಹಳೆಯ ವಿದೇಶಿ ಪಿಸ್ತೂಲುಗಳಿಗೆ ಬಿಡಿಭಾಗ ಸಿಗುವುದಿಲ್ಲ. ತೋಟಾದ ತಳಕ್ಕೆ ಹೊಡೆಯುವ ಫೈರಿಂಗ್ ಪಿನ್ ಮುರಿದರೆ ಲೇತಿನಲ್ಲಿ ತಿರುಗಿಸಿ ಮಾಡಬೇಕು, ಮ್ಯಾಗಜಿನ್ ತುಟಿ ಬಾಗಿದರೆ ತೋಟಾ ಅಡ್ಡ ನಿಲ್ಲುತ್ತದೆ. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಇನ್ನೊಮ್ಮೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಸ್ಲೈಡ್ ಹಿಂದಕ್ಕೆಳೆದು ಹೊರಗೆ ಹಾಕಬೇಕು. ಅಭ್ಯಾಸವಿಲ್ಲದ ಕೈಗೆ, ನಡುರಾತ್ರಿಯಲ್ಲಿ, ಅದು ಆಗದ ಕೆಲಸ. ಪಿಸ್ತೂಲಿನಿಂದ ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಖಾಲಿಯಾಯಿತು ಎಂದುಕೊಳ್ಳುವವರೂ ಇದ್ದಾರೆ. ನಳಿಗೆಯೊಳಗೆ ಒಂದು ಕುಳಿತಿರುತ್ತದೆ. ಆಯುಧಾಗಾರದಲ್ಲಿ ನಮ್ಮ ಮೇಜಿನ ಮುಂದೆ ಒಂದು ಮರಳಿನ ಪೆಟ್ಟಿಗೆ ಇರುತ್ತಿತ್ತು, ಯಾವ ಆಯುಧ ಬಂದರೂ ಮೊದಲು ಅದರ ಕಡೆಗೆ ಮುಖ ಮಾಡಿಯೇ ತೆರೆಯಬೇಕು. ಆ ಮರಳಿನಲ್ಲಿ ಮೂರು ರಂಧ್ರಗಳಿದ್ದವು. ಮೂರೂ ‘ಖಾಲಿ’ ಪಿಸ್ತೂಲಿನವು.

ಹಾಗಾದರೆ ಪಿಸ್ತೂಲನ್ನು ಏನು ಮಾಡುವುದು? ನಿಮ್ಮ ಪತ್ರದಲ್ಲೇ ಉತ್ತರವಿದೆ, ನಿಮಗೆ ಕಂಡಿಲ್ಲ ಅಷ್ಟೇ. 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ವಾರಸುದಾರರ ಬಗ್ಗೆ ಹೇಳುತ್ತದೆ. ಪರವಾನಗಿದಾರ ತೀರಿಕೊಂಡ ಮೇಲೆ ಮಾತ್ರ ಮಕ್ಕಳಿಗೆ ಆಯುಧ ಬರುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಪರವಾನಗಿದಾರನಿಗೆ 70 ವರ್ಷ ತುಂಬಿದಾಗ, ಇಲ್ಲವೇ ಆ ಆಯುಧವನ್ನು 25 ವರ್ಷ ಇಟ್ಟುಕೊಂಡಾಗ, ಯಾವುದು ಮೊದಲೋ ಆಗ, ಬದುಕಿರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಡಲು ಅರ್ಜಿ ಹಾಕಬಹುದು. ನಿಮ್ಮ ಹೆಸರಿಗೆ ಬಂದದ್ದು 1999ರಲ್ಲಿ. ಇಪ್ಪತ್ತೈದು ವರ್ಷ ತುಂಬಿಯಾಗಿದೆ. ಮಗಳಿಗೆ 29, ಬಂದೂಕಿನ ಪರವಾನಗಿಗೆ 21 ತುಂಬಿದ್ದರೆ ಸಾಕು. ತೋಟದಲ್ಲಿ ನಿಮ್ಮೊಂದಿಗೆ ಇರುವವಳು ಅವಳೇ.

ಅವಳಿಗೆ ಅದು ತಾನಾಗಿ ಬಂದು ಕೂರುವುದಿಲ್ಲ. ಅವಳ ಹೆಸರಲ್ಲಿ ಪ್ರತ್ಯೇಕ ಅರ್ಜಿ, ಪೊಲೀಸ್ ಪರಿಶೀಲನೆ, ಆಯುಧವನ್ನು ಸುರಕ್ಷಿತವಾಗಿ ಬಳಸಲು ಕಲಿತ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುತ್ತೇನೆಂಬ ಮುಚ್ಚಳಿಕೆ, ಅಣ್ಣನೋ ತಮ್ಮನೋ ಆಗಿರುವ ನಿಮ್ಮ ಮಗನ ಒಪ್ಪಿಗೆ ಪತ್ರ, ಎಲ್ಲವೂ ಬೇಕು. ಅಧಿಕಾರಿ ಇಲ್ಲ ಎನ್ನಲೂಬಹುದು. ಮತ್ತು, ಮೊದಲು ಅವಳನ್ನೇ ಕೇಳಿ! ಬಂದೂಕು ಬೇಡ ಎನ್ನುವ ಹಕ್ಕು ಅವಳಿಗಿದೆ. ಒಪ್ಪಿದರೆ, ನಿಮ್ಮ ಮನೆಯವರು ಹೇಳಿದಂತೆ ಪಿಸ್ತೂಲು ಮನೆಯಲ್ಲೇ ಉಳಿಯುತ್ತದೆ, ನಿಮ್ಮ ಪರವಾನಗಿಯಲ್ಲಿ ಒಂದು ಸಾಲು ಖಾಲಿಯಾಗುತ್ತದೆ.

ಆ ಖಾಲಿ ಸಾಲಿಗೆ ಪ್ರಬಲ್ ಬೇಡ, 12 ಬೋರ್ ಕೇಳಿ. ಒಂಟಿ ನಳಿಗೆಯದಾದರೂ ಸಾಕು. ಹಂದಿ, ಮಂಗಗಳ ಕಾಟ ಎಂದು ಬರೆದಿದ್ದೀರಿ; .32 ರಿವಾಲ್ವರ್ ಹಿಡಿದು ತೋಟಕ್ಕೆ ಹೋದರೆ ಹಂದಿಗೆ ಅದರ ಸದ್ದು ಅಡಿಕೆ ಹಾಳೆ ಬಿದ್ದಷ್ಟೂ ಅನ್ನಿಸುವುದಿಲ್ಲ. 12 ಬೋರಿನ ಒಂದು ಈಡಿಗೆ ಗುಡ್ಡವೇ ಮಾರುತ್ತರ ಕೊಡುತ್ತದೆ. ಸದ್ದು ಎಂದೇ ಹೇಳುತ್ತಿದ್ದೇನೆ, ಗಮನಿಸಿ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬೆಳೆ ಹಾಳು ಮಾಡುವ ಪ್ರಾಣಿಯನ್ನು ಹೊಡೆಯಬೇಕಾದರೂ ಅಧಿಕಾರವುಳ್ಳ ಅರಣ್ಯ ಅಧಿಕಾರಿಯ ಲಿಖಿತ ಆದೇಶ ಬೇಕು. ‘ನಮ್ಮ ತೋಟ, ನಮ್ಮ ಹಂದಿ’ ಎಂಬ ವಾದ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ‘ಇಲ್ಲ, ನನಗೆ ಹೊಸದೇ ಬೇಕು’ ಎಂದರೆ, ಕಾನ್ಪುರದ್ದೊಂದನ್ನೇ ಕೊಟ್ಟು ಪ್ರಬಲ್ ತನ್ನಿ. ಒಂದಕ್ಕೆ ಒಂದು. ಮೇಲೆ ಹೇಳಿದ ಪರೀಕ್ಷೆಯಲ್ಲಿ ಬಿಜಾಗರಿ ಸಡಿಲಾಗಿರುವುದು ಕಂಡರೆ ಇದು ತಪ್ಪು ನಿರ್ಧಾರವೂ ಅಲ್ಲ. ಪಿಸ್ತೂಲಿನ ಮಾತು ಆ ಅಂಗಡಿಯಲ್ಲಿ ಎತ್ತಲೇಬೇಡಿ.

ಕಾಗದದ ಕೆಲಸದಲ್ಲಿ ಕ್ರಮ ತಪ್ಪಬಾರದು. ಆಯುಧವನ್ನು ಮೊದಲು ಕೊಟ್ಟು ಆಮೇಲೆ ಅನುಮತಿ ಕೇಳುವುದು ಕೆಲವರ ರೂಢಿ, ‘ಅಂಗಡಿಯವರೇ ನೋಡಿಕೊಳ್ಳುತ್ತಾರೆ’ ಎನ್ನುತ್ತಾರೆ. ನೋಡಿಕೊಳ್ಳಬೇಕಾದವರು ನೀವು, ಪರವಾನಗಿ ಇರುವುದು ನಿಮ್ಮ ಹೆಸರಿನಲ್ಲಿ. ಶಿವಮೊಗ್ಗದಲ್ಲಿ ನಮಗೆ ಜಿಲ್ಲಾಧಿಕಾರಿಗಳೇ ಜಿಲ್ಲಾ ದಂಡಾಧಿಕಾರಿಗಳು. ಅರ್ಜಿ ಹೋಗುವುದು ಅವರ ಕಚೇರಿಗೆ. ಮಾರುವ ಅನುಮತಿ ಮತ್ತು ಬದಲಿಗೆ ಕೊಳ್ಳುವ ಅನುಮತಿ ಎರಡನ್ನೂ ಒಟ್ಟಿಗೆ ಕೇಳಿ, ಬರಹದಲ್ಲಿ ಕೈಗೆ ಬಂದ ಮೇಲೆಯೇ ಆಯುಧ ಮನೆಯಿಂದ ಹೊರಡಲಿ, ಅದೂ ಖಾಲಿ ಮಾಡಿ, ಪೆಟ್ಟಿಗೆಯಲ್ಲಿ, ಪರವಾನಗಿ ಪುಸ್ತಕದ ಜೊತೆಗೆ. ಅಂಗಡಿಗಲ್ಲದೆ ಪರವಾನಗಿ ಇರುವ ಇನ್ನೊಬ್ಬ ಖಾಸಗಿ ವ್ಯಕ್ತಿಗೆ ಮಾರುವುದಾದರೆ ಕಾಯ್ದೆಯ 5ನೇ ಕಲಮಿನ ಪ್ರಕಾರ ಕೊಳ್ಳುವವರ ಹೆಸರು, ವಿಳಾಸ ಸಹಿತ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. ಅಂಗಡಿಗಿಂತ ಹೆಚ್ಚು ಬೆಲೆ ಸಿಗುವುದು ಸಾಮಾನ್ಯವಾಗಿ ಈ ದಾರಿಯಲ್ಲೇ, ಆದರೆ ಮುಂಗಡ ಹಣ ಪಡೆದು ಆಯುಧವನ್ನು ‘ನೋಡಲು’ ಎಂದು ಅವರ ಮನೆಗೆ ಕಳಿಸುವ ಉಪಕಾರ ಮಾಡಬೇಡಿ. ಚುನಾವಣೆ ಹತ್ತಿರವಿದೆಯೇ ಎಂದೂ ನೋಡಿಕೊಳ್ಳಿ. ನೀತಿ ಸಂಹಿತೆ ಬಂದ ಕೂಡಲೇ ನಮ್ಮ ಕಡೆ ಕೋವಿಗಳೆಲ್ಲ ಠಾಣೆ ಸೇರುತ್ತವೆ, ಕಚೇರಿಯಲ್ಲಿ ನಿಮ್ಮ ಕಡತ ರಾಶಿಯ ಅಡಿಗೆ ಸೇರುತ್ತದೆ.

ಅರ್ಜಿ ಬರೆಯುವ ಮುಂಚೆ ಒಂದು ಕೆಲಸ ತಪ್ಪದೆ ಮಾಡಿ. ಎರಡೂ ಆಯುಧಗಳ ಮೇಲಿರುವ ಸಂಖ್ಯೆಯನ್ನು ಪರವಾನಗಿಯಲ್ಲಿರುವ ಸಂಖ್ಯೆಯ ಜೊತೆ ಒಂದೊಂದೇ ಅಂಕಿ ಬೆರಳಿಟ್ಟು ಹೋಲಿಸಿ. ಒಮ್ಮೆ ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರ ಪಿಸ್ತೂಲು ನನ್ನ ಮೇಜಿಗೆ ಬಂದಿತ್ತು. ಪುಸ್ತಕದಲ್ಲಿ ಕೊನೆಯ ಅಂಕಿ 3, ಆಯುಧದ ಮೇಲೂ ನೋಡಿದರೆ 3ರಂತೆಯೇ ಕಾಣುತ್ತಿತ್ತು. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ ದೀಪದ ಅಡಿಯಲ್ಲಿ ಓರೆಯಾಗಿ ಹಿಡಿದೆ. ತುಕ್ಕಿನ ಪದರ ಎದ್ದುಬಂತು, ಕೆಳಗಿದ್ದದ್ದು 8. ಮೂವತ್ತು ವರ್ಷ ಪ್ರತಿ ನವೀಕರಣದಲ್ಲೂ ಒಬ್ಬರದ್ದನ್ನು ನೋಡಿ ಇನ್ನೊಬ್ಬರು 3 ಎಂದೇ ಬರೆದುಕೊಂಡು ಬಂದಿದ್ದರು. ಪುಸ್ತಕದ ಪ್ರಕಾರ ಅವರ ಬಳಿ ಇಲ್ಲದ ಪಿಸ್ತೂಲು ಅವರದ್ದಾಗಿತ್ತು, ಇದ್ದ ಪಿಸ್ತೂಲು ಯಾರದ್ದೂ ಅಲ್ಲ. ತಾವಾಗಿಯೇ ಹೋಗಿ ತಿಳಿಸಿದ್ದರಿಂದ ತಿದ್ದುಪಡಿಯಾಯಿತು, ಎಂಟು ತಿಂಗಳು ಹಿಡಿಯಿತು. ನಿಮ್ಮದು ತಂದೆಯವರ ಕಾಲದಿಂದ ಬಂದದ್ದು. ಮಗಳ ಹೆಸರಿಗೆ ಅರ್ಜಿ ಹೋಗುವ ಮುನ್ನ ಆ ಸಂಖ್ಯೆಯನ್ನು ಹಗಲು ಬೆಳಕಿನಲ್ಲಿ ಒರೆಸಿ ಓದಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸ್ಲೈಡಿನ ಎಡಮಗ್ಗುಲಿನ ಹೆಸರು ಓದಲಾಗದಿದ್ದರೆ ಆ ಫೋಟೊವನ್ನೇ ನನಗೆ ಕಳಿಸಿ, ಯಾರು ಮಾಡಿದ್ದೆಂದು ನೋಡಿ ಹೇಳುತ್ತೇನೆ.